ಬೀಗಿತ್ತಿಯರ ಎಲೆಯಾಟ

ಇಬ್ಬರೇ ಆಡುವ ಆಟದಲ್ಲಿ ಒಂದು ದೊಡ್ಡ ಅನನುಕೂಲವಿದೆ. ಸೋತಾಗ ದೂರಲು ಮೂರನೆಯವರು ಸಿಗುವುದಿಲ್ಲ. ನಾಲ್ವರು ಕೂತಾಡುವ ಇಸ್ಪೀಟಿನಲ್ಲಾದರೆ ಜೊತೆಗಾರನ ದಡ್ಡತನವನ್ನು ಹಳಿಯುತ್ತ ಗೌರವದಿಂದ ಮನೆಗೆ ಹೋಗಬಹುದು. ಕ್ರಿಕೆಟ್ಟಿನಲ್ಲಂತೂ ದೂರುವುದಕ್ಕೆಂದೇ ಅಂಪೈರನ್ನು ಸಾಕಿರುತ್ತಾರೆ. ಇಬ್ಬರ ಆಟದಲ್ಲಿ ಮಾತ್ರ ಆಚೆಗೊಂದು ಮುಖ, ಈಚೆಗೊಂದು ಮುಖ, ನಡುವೆ ಒಂದಷ್ಟು ಎಲೆಗಳು. ಆ ಆಚೆಯ ಮುಖ ನಿಮ್ಮ ಬೀಗಿತ್ತಿಯದಾದರೆ ಪರಿಸ್ಥಿತಿ ಇನ್ನಷ್ಟು ನಾಜೂಕು. ಗೆದ್ದರೆ ಅವರಿಗೆ ಬೇಸರ, ಸೋತರೆ ನಮಗೆ ಬೇಸರ, ಸಮವಾದರೆ ಇಬ್ಬರಿಗೂ ಅನುಮಾನ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಸಂಡೂರಿನಲ್ಲಿ, ಮಗಳ ಮನೆಯ ಹಜಾರದ ಚಾಪೆಯ ಮೇಲೆ, ಕಂಪ್ಲಿಯ ಗೌರಮ್ಮನವರ ಎದುರಿಗೆ ಕುಳಿತು ಒಂದಿಡೀ ಋತು ನಾನು ಎಲೆ ಹಾಕಿದ್ದೇನೆ.

ನಾನು ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಮಗಳು ಚೈತ್ರಾಳನ್ನು ಕೊಟ್ಟಿರುವುದು ಕಂಪ್ಲಿಗೆ, ಅಕ್ಕಿ ಗಿರಣಿಯವರ ಮನೆಗೆ. ಅಳಿಯ ಬಸವರಾಜ ಸಂಡೂರಿನ ಗಣಿ ಕಚೇರಿಯಲ್ಲಿ ಕೆಲಸಕ್ಕಿರುವುದರಿಂದ ಅವರ ಸಂಸಾರ ಅಲ್ಲೇ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ವಾಡಿಕೆಯಾದರೂ ಏಳನೆಯ ತಿಂಗಳಲ್ಲಿ ಚೈತ್ರಾಳ ರಕ್ತದೊತ್ತಡ ಏರಿತು. ಓಡಾಟ ಬೇಡ, ಮಲಗಿಯೇ ಇರಲಿ ಎಂದರು ಡಾಕ್ಟರು. ಮಗಳು ತವರಿಗೆ ಬರಲಾಗದಿದ್ದಾಗ ತವರೇ ಒಂದು ಬ್ಯಾಗು ಹಿಡಿದು ಸಂಡೂರಿನ ಬಸ್ಸು ಹತ್ತಿತು. ನಾನು ಹೋಗಿ ಮಾರನೆಯ ದಿನವೇ ಗೌರಮ್ಮನವರೂ ಒಂದು ಚೀಲ ಅಕ್ಕಿ, ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿಯೊಂದಿಗೆ ಬಂದಿಳಿದರು.

ಕನ್ನಡದ ‘ಬೀಗ’ ಎಂಬ ಪದ ಮಹಾ ಚತುರ. ಮಗಳನ್ನು ಕೊಟ್ಟವನೂ ತಂದುಕೊಂಡವನೂ ಬೀಗ, ಬಾಗಿಲಿಗೆ ಹಾಕುವುದೂ ಬೀಗ, ಹೆಮ್ಮೆಯಿಂದ ಉಬ್ಬಿದರೆ ಅದೂ ಬೀಗುವುದೇ. ಮೊದಲನೆಯ ಅರ್ಥದಲ್ಲಿ ನೆಂಟರಾದ ನಾವಿಬ್ಬರೂ ಎರಡನೆಯ ಅರ್ಥವನ್ನು ಬಾಯಿಗೆ ಹಾಕಿಕೊಂಡಿದ್ದೆವು. ಜಗಳವೇನೂ ಇರಲಿಲ್ಲ, ಇದ್ದದ್ದು ಮರ್ಯಾದೆ. “ನೀವು ಮೊದಲು ಜಳಕ ಮಾಡ್ರಿ” ಎಂದು ಅವರು, “ಇಲ್ರಿ, ನೀವು ಮಾಡ್ರಿ” ಎಂದು ನಾನು, ಈ ಉಪಚಾರದ ನಡುವೆ ಬಿಸಿನೀರು ತಣ್ಣಗಾಗುತ್ತಿತ್ತು. ಕೊನೆಯ ರೊಟ್ಟಿಯನ್ನು ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ದಾಟಿಸುತ್ತ ಅದು ಹಪ್ಪಳದಂತೆ ಒಣಗುವವರೆಗೂ ಸೌಜನ್ಯವನ್ನು ಕಾಪಾಡುತ್ತಿದ್ದೆವು.

ಈ ಮರ್ಯಾದೆಯ ಹಿಂದೆ ಒಂದು ಸೀರೆ ಇತ್ತು. ಮದುವೆಯಲ್ಲಿ ಬೀಗಿತ್ತಿಗೆ ಕೊಡಲೆಂದು ನಾನು ಅಂಗಡಿಯಿಂದ ಅಂಗಡಿಗೆ ಅಲೆದು ಹಸಿರು ಒಡಲಿನ, ಸಾಸಿವೆ ಬಣ್ಣದ ಅಂಚಿನ ರೇಷ್ಮೆಯೊಂದನ್ನು ಆರಿಸಿದ್ದೆ. ನನಗಾಗಿಯೂ ಅಷ್ಟು ಆಸೆಯಿಂದ ಸೀರೆ ಕೊಂಡವಳಲ್ಲ. ಮುಂದೆ ಕಂಪ್ಲಿಯ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆಗೆ ಹೋದಾಗ ಆ ಸೀರೆ ಕಣ್ಣಿಗೆ ಬಿತ್ತು. ಉಟ್ಟಿದ್ದವರು ಗೌರಮ್ಮನವರಲ್ಲ, ಅವರ ತಂಗಿ ಶರಣಮ್ಮ. ನಾನು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದರಲ್ಲಿ ನಾನು ಚಿಕ್ಕಂದಿನಿಂದಲೂ ನಿಪುಣೆ. ಅಂದಿನಿಂದ ಅವರನ್ನು ಕಂಡಾಗಲೆಲ್ಲ ನನ್ನ ನಾಲಗೆಗೆ ಒಂದು ‘ರಿ’ ಹೆಚ್ಚಾಗಿ ಅಂಟುತ್ತಿತ್ತು, ಅಷ್ಟೆ.

ಇದೆಲ್ಲವನ್ನೂ ಕೋಣೆಯಲ್ಲಿ ಮಲಗಿ ಆಲಿಸುತ್ತಿದ್ದ ಚೈತ್ರಾ ಒಂದು ಬೆಳಿಗ್ಗೆ ಇಬ್ಬರನ್ನೂ ಕರೆದಳು. “ನೀವಿಬ್ರೂ ಹಿಂಗ ಮರ್ಯಾದಿ ಕೊಟ್ಕೊಂತ ಕುಂತ್ರ ನನ್ನ ಬಿಪಿ ಇಳಿಯಂಗಿಲ್ಲ. ಒಂದು ಆಟ ಹುಡುಕೀನಿ. ಇಬ್ರ ಆಡೋದು. ಹತ್ತು ನಿಮಿಷಕ್ಕ ಮುಗೀತದ. ಎಲಿ ಕೊಳ್ಳೋದು ಬ್ಯಾಡ, ನಾವ ಪ್ರಿಂಟ್ ಹಾಕಿಸಿ ಕತ್ತರಿಸ್ಕೊಂಡ್ರ ಆತು.”

ನಾನು ಇಸ್ಪೀಟೆಂದರೆ ಮೂಗು ಮುರಿಯುವ ಮನೆಯಲ್ಲಿ ಬೆಳೆದವಳು. ಕಾಲುವೆ ಸೇತುವೆಯ ಕೆಳಗೆ ಎಲೆ ಹಾಕುವವರ ಕಡೆ ನೋಡಿದರೂ ಪರೀಕ್ಷೆಯಲ್ಲಿ ಫೇಲಾಗುತ್ತೇವೆಂದು ಅಪ್ಪ ನಂಬಿಸಿದ್ದರು. ಆದರೂ ಹಾಸಿಗೆ ಹಿಡಿದ ಬಸುರಿಯ ಬಯಕೆಯನ್ನು ತಳ್ಳಿಹಾಕುವುದು ಹೇಗೆ? ಅವಳು ಮೊಬೈಲಿಗೆ ಕಳಿಸಿದ್ದನ್ನು ಹಿಡಿದುಕೊಂಡು ಬಸ್‌ ಸ್ಟ್ಯಾಂಡಿನ ಬಳಿಯ ಜೆರಾಕ್ಸ್ ಅಂಗಡಿಗೆ ಹೋದೆ. ಬೆಳಗಿನಿಂದ ಪಹಣಿ, ಆಧಾರು, ಜಾತಿ ಪ್ರಮಾಣಪತ್ರಗಳನ್ನೇ ತೆಗೆದು ಕೊಡುತ್ತಿದ್ದ ಆತ, ಯಂತ್ರದ ಬಾಯಿಂದ ಕಾಲುಚೀಲ, ಕಾಗೆ, ಮೋಡಗಳ ಚಿತ್ರ ಹೊರಬರುವುದನ್ನು ಕಂಡು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದು ಯಾವ ಸ್ಕೀಮಿನ ಅರ್ಜಿರಿ ಮೇಡಂ?” ಎಂದು ಕೇಳಿದ. ಆಟದ ಎಲೆ ಎಂದೆ. “ನಿಮಗೇನ್ರಿ?” ಎಂದ. ಮೊಮ್ಮಗುವಿಗೆ ಎಂದು ಹೇಳಿಬಿಟ್ಟೆ. ಇನ್ನೂ ಹುಟ್ಟದ ಕೂಸನ್ನು ನನ್ನ ಮಾನ ಕಾಯಲು ಅಂದೇ ದುಡಿಸಿಕೊಂಡೆ.

ಹಾಳೆ ತೆಳ್ಳಗಿತ್ತು, ರಟ್ಟಿಗೆ ಅಂಟಿಸಬೇಕೆಂದಳು ಚೈತ್ರಾ. ಮನೆಯಲ್ಲಿದ್ದ ಒಂದೇ ದಪ್ಪ ಕಾಗದವೆಂದರೆ ಅಲಮಾರಿಯಲ್ಲಿ ಉಳಿದಿದ್ದ ಅವಳದೇ ಲಗ್ನಪತ್ರಿಕೆಗಳು. ಗಣಪತಿಯ ಮೇಲೆ ಕತ್ತರಿ ಆಡಿಸಲು ಗೌರಮ್ಮನವರು ಸುತರಾಂ ಒಪ್ಪಲಿಲ್ಲ. ವಧೂವರರ ಹೆಸರಿರುವ ಭಾಗವೂ ಬೇಡವೆಂದರು. ಉಳಿದದ್ದು ‘ತಮ್ಮ ಆಗಮನಾಭಿಲಾಷಿಗಳು’ ಎಂಬ ಕೊನೆಯ ಪುಟ. ಅದರಲ್ಲಿ ಎರಡೂ ಕಡೆಯ ನೆಂಟರ ಹೆಸರುಗಳು ಕಿಕ್ಕಿರಿದಿದ್ದವು. ಹೀಗಾಗಿ ಪ್ರತಿಯೊಂದು ಎಲೆಯ ಬೆನ್ನ ಮೇಲೂ ಯಾರಾದರೊಬ್ಬ ಬಂಧುವಿನ ಅರ್ಧ ಹೆಸರು ಬಂದು ಕುಳಿತಿತು.

ಆಟ ತೀರ ಸರಳ. ಇಬ್ಬರು ನೆರೆಹೊರೆಯವರು, ಇಬ್ಬರಿಗೂ ಒಂದೊಂದು ಹಗ್ಗ. ಮಳೆ ಬರುವ ಮುನ್ನ ಬಟ್ಟೆ ಒಣಗಿಸಬೇಕು. ಬಟ್ಟೆಯ ಎಲೆಯನ್ನು ನಿಮ್ಮ ಮುಂದೆ ಹರವಿ ಅದರ ಮೇಲೆ ಬಿಸಿಲಿನ ಎಲೆ ಇಟ್ಟರೆ ಒಣಗಿತು, ಮಡಚಿಟ್ಟುಕೊಳ್ಳಿ. ದಪ್ಪ ಹೊದಿಕೆಯಾದ ಕೌದಿಗೆ ಮಾತ್ರ ಎರಡು ಬಿಸಿಲು ಬೇಕು. ಎದುರಿನವರು ಸುಮ್ಮನಿರುವುದಿಲ್ಲ, ಮೋಡ ಹಾಕಿ ನಿಮ್ಮ ಬಿಸಿಲನ್ನು ಕಸಿಯುತ್ತಾರೆ, ಕಾಗೆ ಹಾಕಿ ಬಟ್ಟೆಯನ್ನು ಹೊಲಸು ಮಾಡಿಸಿ ಮತ್ತೆ ಒಗೆಯಲು ಕಳಿಸುತ್ತಾರೆ. ಗಾಳಿಯ ಎಲೆಯನ್ನಂತೂ ಬಂದ ಕೂಡಲೇ ಹಾಕಬೇಕು, ಆಗ ಒಂದು ಬಟ್ಟೆ ಈ ಹಗ್ಗದಿಂದ ಆ ಹಗ್ಗಕ್ಕೆ ಹಾರಿ ಅವರದೇ ಆಗಿಬಿಡುತ್ತದೆ. ನಾಲ್ಕು ಬಟ್ಟೆಗಳನ್ನು ಮೊದಲು ಮಡಚಿದವರು ಗೆದ್ದಂತೆ.

ಚಿತ್ರ ಬರೆದವರು ಯಾವ ಚಳಿದೇಶದವರೋ, ಬಟ್ಟೆಗಳೆಲ್ಲ ಉಣ್ಣೆಯವು. ಚೈತ್ರಾ ಮಲಗಿದಲ್ಲೇ ಸ್ಕೆಚ್ ಪೆನ್ನಿನಿಂದ ಚಿತ್ರಗಳ ಕೆಳಗೆ ಸೀರೆ, ಧೋತರ, ಕುಲಾಯಿ, ಕೌದಿ ಎಂದು ಬರೆದು ಅವಕ್ಕೆ ನಮ್ಮ ಸೀಮೆಯ ದೀಕ್ಷೆ ಕೊಟ್ಟಳು. ಒಂದು ಚಿತ್ರ ಮಾತ್ರ ಯಾವುದಕ್ಕೂ ಹೊಂದಲಿಲ್ಲ. ಎಂಟು ತೋಳಿನ ಅಂಗಿ. ಅದು ಅಷ್ಟಪಾದಿಯೆಂಬ ಸಮುದ್ರಪ್ರಾಣಿಯ ಅಂಗಿಯಿರಬೇಕು, ವಿನೋದಕ್ಕೆ ಬರೆದದ್ದು ಎಂದು ನಾನು ಉಪನ್ಯಾಸ ಆರಂಭಿಸಿದೆ. ಗೌರಮ್ಮನವರು ಎಲೆಯನ್ನು ಕಣ್ಣಿಗೊತ್ತಿಕೊಂಡು, “ಎಂಟು ಕೈ ಅಂದ್ರ ಅಮ್ಮಂದ ಇರಬೇಕಲ್ರಿ” ಎಂದರು. ಅಂದಿನಿಂದ ಅದು ದೇವಿಯ ಅಂಗಿ. ಅದರ ಮೇಲೆ ಕಾಗೆ ಹಾಕುವುದಕ್ಕೆ ಅವರೂ ಕೈಯೆತ್ತಲಿಲ್ಲ, ನನ್ನ ವೈಚಾರಿಕತೆಯೂ ಯಾಕೋ ಧೈರ್ಯ ಮಾಡಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಆಟ. ಮೊದಮೊದಲು ಅದರಲ್ಲೂ ನಮ್ಮ ಮರ್ಯಾದೆ ನುಸುಳಿತು. “ಮೋಡ ಹಾಕ್ಲೇನ್ರಿ?” ಎಂದು ಅಪ್ಪಣೆ ಕೇಳಿ ಮೋಡ ಹಾಕುತ್ತಿದ್ದೆವು. ಆಮೇಲೆ ಗಮನಿಸಿದೆ, ನನ್ನ ಕೈಯಲ್ಲಿ ಕಾಗೆ ಇದ್ದಾಗಲೆಲ್ಲ ಗೌರಮ್ಮನವರು ಒಳ್ಳೆಯ ಬಟ್ಟೆಯನ್ನು ಹರವುತ್ತಲೇ ಇರಲಿಲ್ಲ. ಇದೇನು ಅಂತರ್ಜ್ಞಾನ ಎಂದು ಬೆರಗಾಗಿ ಕೊನೆಗೊಂದು ದಿನ ಕೇಳಿಯೇಬಿಟ್ಟೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಕಾಗಿ ಬೆನ್ನ ಮ್ಯಾಲ ನಿಮ್ಮ ಯಜಮಾನ್ರ ಹೆಸರು ಐತಿರಿ. ಅವರು ನಿಮ್ಮ ಕೈಯಾಗ ಅದಾರ ಅಂದ ಮ್ಯಾಲ ನಾ ಹುಷಾರಿರಬೇಕಲ್ರಿ.” ಕೋಣೆಯಿಂದ ಚೈತ್ರಾಳ ನಗೆ ಕೇಳಿಸಿತು. ಬೆನ್ನಿನಿಂದ ಎಲೆ ಗುರುತಿಸುವ ಈ ವಿದ್ಯೆಯನ್ನು ನಾನೂ ಬೇಗ ಕಲಿತೆ. ಗಾಳಿಯ ಬೆನ್ನಿಗೆ ಅವರ ದೊಡ್ಡ ಮೈದುನ, ಕೌದಿಯ ಬೆನ್ನಿಗೆ ಮೆಟ್ರಿ ಊರಿನ ಸೋದರಮಾವ. ಇಬ್ಬರೂ ಮೋಸ ಮಾಡುತ್ತಿದ್ದೇವೆಂದು ಇಬ್ಬರಿಗೂ ಗೊತ್ತಾದಾಗ ಆಟ ಮತ್ತೆ ಪ್ರಾಮಾಣಿಕವಾಯಿತು.

ಬಟ್ಟೆ ಒಣಗಿಸುವುದೆಂದರೆ ನನಗೆ ಹಂಪಿಯ ಹೊಳೆದಂಡೆ ನೆನಪಾಗುತ್ತದೆ. ಮಲಪನಗುಡಿಯಲ್ಲಿದ್ದ ನಮ್ಮಜ್ಜಿ ಹಬ್ಬದ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಗಂಟು ಕಟ್ಟಿ ನಮ್ಮನ್ನೂ ಎಳೆದುಕೊಂಡು ಹೊಳೆಗೆ ಹೋಗುತ್ತಿದ್ದಳು. ಒಗೆದು ಬಂಡೆಯ ಮೇಲೆ ಹಾಸಿದರೆ ಸಾಕು, ಕೆಳಗಿನಿಂದ ಕಲ್ಲಿನ ಕಾವು, ಮೇಲಿನಿಂದ ಸೂರ್ಯನದು. ಇಸ್ತ್ರಿಯೂ ತಾನಾಗಿ ಆಗುತ್ತಿತ್ತು. ಇದನ್ನು ನಾನು ಆಟದ ನಡುವೆ ಹೇಳಿದೆ. ಗೌರಮ್ಮನವರು ಎಲೆಗಳಿಂದ ಕಣ್ಣೆತ್ತಿ, “ನಮ್ಮ ಕಡಿ ಕಾಲುವಿ ದಂಡಿಗೆ ಮುಳ್ಳಿನ ಬೇಲಿ ಇತ್ರಿ. ಬೇಲಿ ಮ್ಯಾಲ ಹಾಕ್ತಿದ್ವಿ. ನನ್ನ ಸಣ್ಣಂದಿನ ಲಂಗಕ್ಕೆಲ್ಲ ಸಣ್ಣ ಸಣ್ಣ ತೂತು” ಎಂದರು. ಅವರು ತಮ್ಮ ಬಾಲ್ಯದ ಬಗ್ಗೆ ನನ್ನೆದುರು ಆಡಿದ ಮೊದಲ ಮಾತು ಅದು. ಲಂಗ ತೊಟ್ಟ ಗೌರಮ್ಮನವರನ್ನು ನಾನು ಅದುವರೆಗೆ ಕಲ್ಪಿಸಿಕೊಂಡೇ ಇರಲಿಲ್ಲ.

ಗಾಳಿಯ ಎಲೆ ಬಿದ್ದದ್ದು ಅದೇ ಆಟದಲ್ಲಿ. ನನ್ನ ಹಗ್ಗದ ಸೀರೆ ಅವರ ಹಗ್ಗಕ್ಕೆ ಹಾರಿತು. ಅವರಾಗಲೇ ಮೂರು ಬಟ್ಟೆ ಮಡಚಿದ್ದರು, ಕೈಯಲ್ಲಿ ಬಿಸಿಲೂ ಇತ್ತು. ಅದರ ಬೆನ್ನಿನ ಅರ್ಧ ಹೆಸರನ್ನು ನಾನು ನೋಡಿದ್ದೆ. ಹಾಕಿದ್ದರೆ ಗೆಲುವು ಅವರದೇ. ಅವರು ಸೀರೆಯ ಎಲೆಯನ್ನು ಎತ್ತಿ ನನ್ನ ಮುಂದಿಟ್ಟರು.

“ರೂಲ್ಸ್ ಪ್ರಕಾರ ಅದು ನಿಮ್ಮದಾತ್ರಿ” ಎಂದೆ.

“ರೂಲ್ಸ್ ಇರ್ಲಿ ಬಿಡ್ರಿ. ಮಂದಿ ಸೀರಿ ಹಾರಿ ಬಂದ್ರ ಮಡಚಿ ಕೊಟ್ಟು ಬರ್ತೀವಿ ನಾವು. ಅದನ್ನ ಇಟ್ಕೊಂಡು ಗೆದ್ದೆ ಅಂತ ಹೆಂಗ ಹೇಳೋದು?”

ಇಷ್ಟು ದಿನ ಗಂಟಲಲ್ಲೇ ಕುಳಿತಿದ್ದ ಮಾತು, ನನ್ನನ್ನು ಕೇಳದೆಯೇ ಹೊರಗೆ ಬಂದಿತು. “ಹಂಗಾರ ನಾ ಕೊಟ್ಟ ಸೀರಿ ಯಾಕ ಕೊಟ್ಟುಬಿಟ್ರಿ?”

ಅಡುಗೆಮನೆಯಲ್ಲಿ ಕುಕ್ಕರು ಒಂದು ಸೀಟಿ ಹಾಕಿ ಸುಮ್ಮನಾಯಿತು. ಗೌರಮ್ಮನವರು ಕೈಯಲ್ಲಿದ್ದ ಎಲೆಗಳನ್ನು ಬೋರಲಾಗಿ ಚಾಪೆಯ ಮೇಲಿಟ್ಟರು.

“ನೋಡಿದ್ರೇನು ನೀವು ಅವತ್ತು” ಎಂದರು. “ಶರಣಿ ಗಂಡ ತೀರಿ ಹೋಗಿ ಒಂದು ವರ್ಷ ಆಗಿತ್ರಿ. ಪೂಜಿಗೆ ಬಾ ಅಂತ ಭಾಳ ಹೇಳಿ ಕರಿಸಿದ್ದೆ. ಬಂದಾಕಿ ಒಂದು ಮಾಸಿದ ಸೀರಿ ಉಟ್ಕೊಂಡು ಅಡಗಿಮನ್ಯಾಗ ಬದನಿಕಾಯಿ ಹೆಚ್ಕೊಂತ ಕುಂತುಬಿಟ್ಲು. ಹೊರಗ ಮಂದಿ ಮುಂದ ಬರಾಕ ಒಲ್ಲೆ ಅಂದ್ಲು. ನಾ ಪೆಟಿಗಿ ತಗದೆ. ಅದರಾಗ ಎಲ್ಲಾದಕ್ಕಿಂತ ಚಂದದ್ದು ನಿಮ್ಮದ ಇತ್ತು. ಎರಡನೇದು ಕೊಟ್ಟಿದ್ರ ಆಕಿಗೆ ಗೊತ್ತಾಗ್ತಿತ್ರಿ, ಎರಡನೇದು ಅಂತ. ಇದನ್ನ ಉಟ್ಕೊ, ಆರತಿ ತಟ್ಟಿ ನೀನ ಹಿಡೀಬೇಕು ಅಂದೆ. ಉಟ್ಕೊಂಡು ಬಂದ್ಲು.”

ನಾನು ನೆನಪು ಮಾಡಿಕೊಳ್ಳಲು ಯತ್ನಿಸಿದೆ. ಹೌದು, ಆರತಿ ಹಿಡಿದು ನಿಂತಿದ್ದರು. ಸಾಸಿವೆ ಬಣ್ಣದ ಅಂಚು ನನ್ನ ಕಣ್ಣಲ್ಲಿ ಅಚ್ಚೊತ್ತಿದಂತಿತ್ತು. ಮುಖ ಮಾತ್ರ ನೆನಪಿಗೆ ಬರಲಿಲ್ಲ.

“ನಿಮಗ ಹೇಳಬೇಕಿತ್ರಿ” ಎಂದು ಅವರೇ ಮುಂದುವರಿಸಿದರು. “ಸುಮ್ಮ ಕೊಟ್ಟೆ ಅಂದ್ರ ನಿಮಗ ಬ್ಯಾಸರ. ಹಿಂಗಿಂಗ ಆಕಿ ಸಲುವಾಗಿ ಅಂದ್ರ ಆಕಿಗೆ ಕಡಿಮಿ. ಎರಡೂ ಬ್ಯಾಡ ಅಂತ ಸುಮ್ಮನಾದೆ. ನೀವು ಅವತ್ತು ಎಲಿಯಾಗ ಹೋಳಿಗಿ ಹಂಗ ಬಿಟ್ಟು ಎದ್ದ್ರಿ. ನಮ್ಮ ಹೋಳಿಗಿ ಮೇಡಂ ಅವರಿಗೆ ಸೇರಲಿಲ್ಲ ಅಂತ ನಾನೂ ಒಂದಿಷ್ಟು ದಿನ ಸಿಟ್ಟು ಇಟ್ಕೊಂಡಿದ್ದೆ.”

“ಹೋಳಿಗಿ ಚಲೋ ಇತ್ರಿ. ಗಂಟಲಾಗ ಇಳೀಲಿಲ್ಲ” ಎಂದೆ.

“ಸೀರಿ ಸಿಕ್ಕಿಬಿದ್ದಿತ್ತೇನು ಅಲ್ಲಿ” ಎಂದು ಅವರು ನಕ್ಕರು. ನಾನೂ ನಕ್ಕೆ. ಅವರ ನಗೆ ಮುಗಿದ ಮೇಲೂ ನನ್ನದು ಮುಗಿಯಲಿಲ್ಲ, ಸ್ವಲ್ಪ ಹೊತ್ತಿಗೆ ಅದು ನಗೆಯಾಗಿಯೂ ಉಳಿಯಲಿಲ್ಲ. ಅವರು ಎದ್ದು ಹೋಗಿ ನೀರು ತಂದುಕೊಟ್ಟರು. ಯಾವ ಉಪಚಾರದ ಮಾತೂ ಇಲ್ಲದೆ ಕುಡಿದೆ.

ಮರುದಿನ ಚೈತ್ರಾ ಹೊಸ ನಿಯಮ ಹೊರಡಿಸಿದಳು. ಹಾರಿ ಬಂದ ಬಟ್ಟೆಯನ್ನು ತಿರುಗಿ ಕೊಡಬೇಕು. ಕೊಟ್ಟವರಿಗೆ ಪಡೆದವರು ಒಂದು ಬಿಸಿಲು ಕೊಡಬೇಕು. ಇದರಿಂದ ಆಟದ ರೋಚಕತೆ ಕುಗ್ಗಿತೆಂದು ಆಟ ರಚಿಸಿದವರು ನೊಂದುಕೊಂಡಾರು. ನಮಗೆ ಮಾತ್ರ ಅದೇ ರುಚಿಸಿತು. ಜಳಕದ ಸರದಿ ತಾನಾಗಿ ಸರಿಹೋಯಿತು, ಕೊನೆಯ ರೊಟ್ಟಿಯನ್ನು ಹಸಿದವರು ತಿಂದರು. ಅಳಿಯ ಸಂಜೆ ಬಂದಾಗ ಹಜಾರದಲ್ಲಿ, “ನಿಮ್ಮ ಕೌದಿ ಇವತ್ತೂ ಒಣಗಲಿಲ್ಲ ತಗೋರಿ” ಎಂಬಂಥ ಮಾತುಗಳು ನಡೆದಿರುತ್ತಿದ್ದವು. ಆತ ಶೂ ಬಿಚ್ಚುತ್ತ ಮಹಡಿಯ ಕಡೆ ನೋಡುತ್ತಿದ್ದ. ನಿಜವಾದ ಬಟ್ಟೆಯೆಂದುಕೊಂಡು ತರಲು ಮೇಲೆ ಹತ್ತಿದ್ದೂ ಉಂಟು.

ಒಂಬತ್ತನೆಯ ತಿಂಗಳು ಹಿಡಿದಿತ್ತು. ಒಂದು ಮಧ್ಯಾಹ್ನ ಚೈತ್ರಾ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎಂದಳು. ಡಾಕ್ಟರಿಗೆ ಫೋನು ಮಾಡಿದರೆ ಕೂಡಲೇ ಹೊಸಪೇಟೆಗೆ ಕರೆತನ್ನಿ ಎಂದರು. ಬಸವರಾಜ ಕಾರು ತಂದ. ಹಿಂದಿನ ಸೀಟಿನಲ್ಲಿ ಮಗಳ ತಲೆ ನನ್ನ ತೊಡೆಯ ಮೇಲೆ, ಕಾಲು ಗೌರಮ್ಮನವರ ತೊಡೆಯ ಮೇಲೆ. ಗುಡ್ಡದ ದಾರಿಯುದ್ದಕ್ಕೂ ಅದಿರಿನ ಲಾರಿಗಳು, ಅವುಗಳ ಕೆಂಪು ಧೂಳು. ಮುಂದಿನ ಲಾರಿ ದಾರಿ ಬಿಡದಿದ್ದಾಗಲೆಲ್ಲ ಗೌರಮ್ಮನವರು ಮಗನ ಭುಜ ಮುಟ್ಟಿ, “ಸಾವಕಾಶ ಹೋಗಪ್ಪ, ಗಡಿಬಿಡಿ ಬ್ಯಾಡ” ಎನ್ನುತ್ತಿದ್ದರು. ಅವರ ಇನ್ನೊಂದು ಕೈ ಚೈತ್ರಾಳ ಊದಿದ ಪಾದವನ್ನು ಬಿಡದೆ ನೀವುತ್ತಿತ್ತು.

ಆಸ್ಪತ್ರೆಯಲ್ಲಿ ನೋಡಿದ ಕೂಡಲೇ ಆಪರೇಷನ್ ಎಂದರು. ಬಸವರಾಜ ಸಹಿ ಹಾಕಿ ಥಿಯೇಟರಿನ ಬಾಗಿಲ ಬಳಿಯೇ ನಿಂತ. ನಾವಿಬ್ಬರೂ ಪಡಸಾಲೆಯ ಕಬ್ಬಿಣದ ಕುರ್ಚಿಗಳಲ್ಲಿ, ನಡುವೆ ಒಂದು ಖಾಲಿ ಕುರ್ಚಿ ಬಿಟ್ಟು ಕುಳಿತೆವು. ಮನೆಯಿಂದ ಓಡಿ ಬರುವಾಗ ನಾನು ತಂದದ್ದು ಚೈತ್ರಾಳ ರಿಪೋರ್ಟಿನ ಫೈಲು. ಗೌರಮ್ಮನವರ ಕೈಚೀಲದಿಂದ ವಿಭೂತಿ, ಫ್ಲಾಸ್ಕು, ಆಮೇಲೆ ರಬ್ಬರ್ ಬ್ಯಾಂಡು ಸುತ್ತಿದ ಎಲೆಗಳ ಕಟ್ಟು ಹೊರಬಂದವು.

“ಸುಮ್ಮ ಕುಂತ್ರ ತಲಿ ಇಲ್ಲದ್ದೆಲ್ಲ ವಿಚಾರ ಮಾಡ್ತದ” ಎಂದು ಖಾಲಿ ಕುರ್ಚಿಯ ಮೇಲೆ ಎಲೆ ಹಂಚಿದರು.

ಬಟ್ಟೆಗಳನ್ನು ಹರವಿದೆವು. ನನಗೆ ಮೋಡ ಬಂತು. ಹಾಕಬಹುದಿತ್ತು, ಕೈ ಹೋಗಲಿಲ್ಲ. ಕೈಯಲ್ಲೇ ಉಳಿಸಿಕೊಂಡು ಬೇರೆ ಎಲೆ ಎತ್ತಿದೆ. ಕಾಗೆ ಬಂತು, ಅದನ್ನೂ ಇಟ್ಟುಕೊಂಡೆ. ಅವರೂ ಎತ್ತುತ್ತಿದ್ದರು, ಏನೂ ಹಾಕುತ್ತಿರಲಿಲ್ಲ. ಹಗ್ಗದ ಮೇಲಿನ ಬಟ್ಟೆಗಳು ಹಾಗೆಯೇ ಇದ್ದವು. ಕೈಯಲ್ಲಿ ಮೂರು ಮೂರು ಎಲೆ ಸೇರಿದ ಮೇಲೆ ಎತ್ತುವುದನ್ನೂ ನಿಲ್ಲಿಸಿದೆವು.

“ಕೈಯಾಗ ಏನದಾವ್ರಿ?” ಎಂದು ಮೆಲ್ಲಗೆ ಕೇಳಿದರು.

ತೋರಿಸಿದೆ. ಮೋಡ, ಮೋಡ, ಕಾಗೆ. ಅವರೂ ತಮ್ಮವನ್ನು ತಿರುಗಿಸಿದರು. ಕಾಗೆ, ಮೋಡ, ಮೋಡ. ಅವರ ಸೊಸೆ, ನನ್ನ ಮಗಳು ಒಳಗಿರುವಾಗ ಒಬ್ಬರ ಮೇಲೊಬ್ಬರು ಮೋಡ ಹಾಕಲಾರದೆ ಇಬ್ಬರೂ ಮುಷ್ಟಿ ತುಂಬ ಮಳೆಗಾಲ ಹಿಡಿದು ಕುಳಿತಿದ್ದೆವು. ಯಾರು ಮೊದಲು ನಕ್ಕರೋ ತಿಳಿಯದು. ಎದುರು ಸಾಲಿನಲ್ಲಿದ್ದವರು ನಮ್ಮನ್ನು ಮರುಕದಿಂದ ನೋಡಿದರು. ನಗುನಗುತ್ತಲೇ ಗೌರಮ್ಮನವರು ನನ್ನ ಮಣಿಕಟ್ಟು ಹಿಡಿದುಕೊಂಡರು.

ಬಾಗಿಲು ತೆರೆಯಿತು. ನರ್ಸು ಬಿಳಿ ಬಟ್ಟೆಯ ಗಂಟೊಂದನ್ನು ಎದೆಗಾನಿಸಿಕೊಂಡು ಬಂದರು. “ಹೆಣ್ಣುಕೂಸು. ತಾಯಿ ಆರಾಮ ಅದಾರ, ಬಿಪಿ ಇಳೀಲಿಕ್ಕತ್ತೈತಿ. ಯಾರು ತಗೊಂತೀರಿ?”

ಬಸವರಾಜ ಗೋಡೆಗೆ ಹಣೆಯಿಟ್ಟು ಅಳುತ್ತಿದ್ದ, ಆತನಿಂದ ಆಗುವಂತಿರಲಿಲ್ಲ. ಕಂಪ್ಲಿಯ ವಂಶದ ಮೊದಲ ಕುಡಿ. ನಾನು ಒಂದು ಹೆಜ್ಜೆ ಹಿಂದೆ ಸರಿದು ಗೌರಮ್ಮನವರಿಗೆ ದಾರಿ ಬಿಟ್ಟೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದರು.

“ನೀವು ತಗೋರಿ. ಹೆತ್ತಾಕಿನ್ನ ಹೆತ್ತಾಕಿ ನೀವು.”

ತೆಗೆದುಕೊಂಡೆ. ಕೂಸಿನ ತೂಕ ಏನೇನೂ ಇರಲಿಲ್ಲ, ಆದರೂ ಎರಡೂ ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕುಳಿತೆ. ಅವರು ಪಕ್ಕದ ಕುರ್ಚಿಯ ಎಲೆಗಳನ್ನು ಒತ್ತರಿಸಿ ನನಗೆ ತಾಗಿ ಕುಳಿತು ಕಂಪ್ಲಿಗೆ ಫೋನು ಹಚ್ಚಿದರು. ಆ ಕಡೆ ಗಿರಣಿಯ ಸದ್ದು ಜೋರಾಗಿದ್ದುದರಿಂದ ಸ್ಪೀಕರು ಹಾಕಿದರು. ಅವರ ಯಜಮಾನರ ಧ್ವನಿ ನನಗೂ ಕೇಳಿಸುತ್ತಿತ್ತು. ಗೌರಮ್ಮನವರು ಹೆಣ್ಣು ಎಂದರು, ಇಬ್ಬರೂ ಆರಾಮ ಎಂದರು.

“ಕೂಸು ಯಾರ ಕೈಯಾಗ ಐತಿ?” ಎಂದಿತು ಆ ಧ್ವನಿ.

“ಅಕ್ಕಾರು ಎತ್ಕೊಂಡಾರ.”

“ಯಾವ ಅಕ್ಕಾರು? ನಿಮ್ಮ ಮನಿಗೆ ಹಿರೇಕಿ ನೀನ, ನಿನಗ್ಯಾವ ಅಕ್ಕ ಅದಾಳ?”

ಗೌರಮ್ಮನವರು ಕೂಸಿನ ಮುಖದ ಮೇಲೆ ಸರಿದಿದ್ದ ಬಟ್ಟೆಯನ್ನು ಒಂದು ಬೆರಳಿನಿಂದ ಹಿಂದಕ್ಕೆ ಸರಿಸುತ್ತ, “ಈಗ ಅದಾರ. ನೀವು ಜಲ್ದಿ ಬರ್ರಿ” ಎಂದು ಫೋನು ಇಟ್ಟರು.